ಗಾಜಿಗೆ ಕಿವಿಯಿಟ್ಟವನು

ಕೆಂಪು ಚುಕ್ಕೆ ಎದುರುಮನೆಯ ಕಿಟಕಿ ಗಾಜಿನ ಮೇಲೆ ಹೋಗಿ ಕೂತಿತು. ರೇಡಿಯೊ ರಿಪೇರಿಯವನು ಉಸಿರು ಬಿಗಿಹಿಡಿದು ಹೆಡ್‌ಫೋನ್ ಏರಿಸಿಕೊಂಡ.

ಎದುರುಮನೆ ಔಷಧಿ ಅಂಗಡಿಯವನದು. ಅವನ ಮಗನಿಗೂ ಇವನ ಮಗಳಿಗೂ ಮನಸ್ಸು ಕೂಡಿತ್ತು. "ಮನೇಲಿ ಮಾತಾಡಿ ಹೇಳ್ತೀವಿ" ಎಂದು ಹೋದ ಹುಡುಗನ ಮನೆಯವರದು ವಾರವಾದರೂ ಹೂಂ ಇಲ್ಲ, ಉಹೂಂ ಇಲ್ಲ. ಮಗಳು ತಟ್ಟೆಯ ಮುಂದೆ ಕೂತು ಊಟ ಮಾಡದೆ ಏಳುತ್ತಿದ್ದಳು. ಅದನ್ನು ಅಪ್ಪನಿಂದ ನೋಡಲಾಗುತ್ತಿರಲಿಲ್ಲ.

ಹೋಗಿ ಕೇಳಬಹುದಿತ್ತು. ಆದರೆ ಹೆಣ್ಣಿನ ಅಪ್ಪ ತಾನಾಗಿ ಹೋಗಿ ಹಲ್ಲುಗಿಂಜುವುದೇ? ಅದರ ಬದಲು ಕೆಟ್ಟ ಡಿವಿಡಿ ರೈಟರಿನ ಹೊಟ್ಟೆ ಬಗೆದು ಲೇಸರ್ ಕಿತ್ತ. ಒಳಗೆ ಮಾತಾಡಿದರೆ ಕಿಟಕಿಯ ಗಾಜು ನಡುಗುತ್ತದೆ. ಗಾಜಿಗೆ ಬಡಿದು ಮರಳುವ ಬೆಳಕೂ ನಡುಗುತ್ತದೆ. ಆ ನಡುಕವನ್ನು ಮತ್ತೆ ಸದ್ದು ಮಾಡಿಕೊಂಡರಾಯಿತು. ಆಕಾಶದಲ್ಲೆಲ್ಲೋ ಕಪ್ಪುಕುಳಿಗಳು ಢಿಕ್ಕಿ ಹೊಡೆದದ್ದನ್ನೇ ಈಗ ಲೇಸರಿನಿಂದ ಪತ್ತೆ ಹಚ್ಚುತ್ತಾರಂತೆ. ಔಷಧಿ ಅಂಗಡಿಯವನ ಹೆಂಡತಿಯ ಬಾಯಿ ಯಾವ ಲೆಕ್ಕ?

ಅವನ ಪ್ರಯೋಗಶಾಲೆ ಮನೆಯ ಮುಂಗೋಣೆ. ಬೀದಿಗೊಂದು ಬಾಗಿಲು, ನಡುಮನೆಗೊಂದು; ಮನೆಗೆ ಬರುವವರಿಗೆ ಪಕ್ಕದ ಬಾಗಿಲು ಬೇರೆ ಇತ್ತು. ಧೂಳು ಬಾರದಿರಲೆಂದು ತನ್ನ ಕಿಟಕಿಯ ಗಾಜನ್ನು ಭದ್ರವಾಗಿ ಎಳೆದುಕೊಂಡಿದ್ದ. ನಡುಮನೆಯ ಬಾಗಿಲು ಎರಡು ಸಲ ಅಲುಗಿತು. ಚಹಾಕ್ಕೆ ಕರೆಯುತ್ತಿರಬೇಕೆಂದು ಸುಮ್ಮನಾದ.

ಹೆಡ್‌ಫೋನಿನಲ್ಲಿ ಬಿಂದಿಗೆಯೊಳಗಿಂದ ಬಂದಂತೆ ಒಂದು ಹೆಣ್ಣುದನಿ ಕೇಳಿಸಿತು.

"ಆ ಮನುಷ್ಯನ ಸಹವಾಸ ಸಾಕಪ್ಪಾ ಸಾಕು. ಯಾವಾಗ ನೋಡಿದ್ರೂ ತಂತಿ, ಹೊಗೆ, ಸುಟ್ಟ ವಾಸನೆ. ತಲೆ ನೆಟ್ಟಗಿಲ್ಲ."

ಅವನ ಕಿವಿ ಬಿಸಿಯಾಯಿತು. ಹುಡುಗನ ತಾಯಿಗೆ ಇಷ್ಟು ನಾಲಗೆಯೇ?

"ಇರ್ಲಿ ಬಿಡಿ, ಪಾಪ," ಎಂದಿತು ಇನ್ನೊಂದು ದನಿ. "ಹುಡುಗಿ ಬಂಗಾರದಂಥವಳು. ಅವರದೊಂದು ಹುಚ್ಚು, ಸಹಿಸ್ಕೊಂಡ್ರಾಯ್ತು."

ಯಾರೋ ನಾದಿನಿ ಇರಬೇಕು. ಆ ಮನೆಯಲ್ಲಿ ಮರ್ಯಾದಸ್ಥೆ ಅವಳೊಬ್ಬಳೇ.

"ನಿಮಗೇನ್ ಗೊತ್ತು. ಒಂದಿನ ಮನೆಗೇ ಬೆಂಕಿ ಇಡ್ತಾನೆ ಅವನು."

ಹೆಡ್‌ಫೋನ್ ಕಿತ್ತೆಸೆದು ಬೀದಿಬಾಗಿಲಿನಿಂದ ದಡದಡನೆ ರಸ್ತೆ ದಾಟಿದ. ಔಷಧಿ ಅಂಗಡಿಯವನು ಬನಿಯನ್ನಿನಲ್ಲೇ ಬಾಗಿಲು ತೆರೆದ.

"ನನ್ನ ಮಗಳನ್ನ ಈ ಮನೆಗೆ ಕೊಡಲ್ಲ. ಇನ್ನು ಈ ಮಾತೇ ಬೇಡ," ಎಂದ ರಿಪೇರಿಯವನು. "ಒಳಗೆ ಕೂತು ನನ್ನನ್ನ ಹುಚ್ಚ ಅನ್ನೋರ ಜೊತೆ ಎಂಥ ನೆಂಟಸ್ತಿಕೆ?"

ಔಷಧಿ ಅಂಗಡಿಯವನ ಮುಖ ಕೆಂಪಾಯಿತು. "ಬಾಗಿಲಿಗೆ ಬಂದು ಹೀಗಂತೀರಾ? ಆಯ್ತು, ಹಾಗೇ ಆಗ್ಲಿ. ಆದ್ರೆ ನಿಮ್ಮನ್ನ ಬೈಯೋಕೆ ಇಲ್ಲಿ ಯಾರಿದ್ದಾರೆ? ಬೆಳಗ್ಗಿಂದ ನಾನೊಬ್ಬನೇ. ನಮ್ಮವಳು ಒಪ್ಪಿಗೆ ಹೇಳೋಕೆ ನಿಮ್ಮನೆಗೇ ಹೋಗಿ ಅರ್ಧ ಗಂಟೆಯಾಯ್ತು."

ಬೆಳಕು ಅವನ ಸ್ವಂತ ಕಿಟಕಿಯ ಗಾಜಿಗೇ ಬಡಿದು ಮರಳಿ, ಅವನದೇ ನಡುಮನೆಯ ಮಾತನ್ನು ತಂದಿತ್ತು: ಬೈದವಳು ಮೂವತ್ತು ವರ್ಷದಿಂದ ಕಟ್ಟಿಕೊಂಡ ಹೆಂಡತಿ, ಪರ ವಹಿಸಿದವಳು ಒಂದು ನಿಮಿಷದ ಹಿಂದಿನವರೆಗೂ ಅವನ ಬೀಗಿತ್ತಿ.