ಕೌದಿಯೊಳಗೆ ಬಿದ್ದ ಬೇವಿನ ಹೂವು

ಬೇವಿನ ಹೂವಿನ ವಾಸನೆ ಬಂದರೆ ನನ್ನ ಮುಷ್ಟಿ ಇವತ್ತಿಗೂ ತಾನಾಗಿ ಬಿಗಿಯುತ್ತದೆ.

ಯುಗಾದಿಯ ಹಿಂದಿನ ದಿನದ ಮಧ್ಯಾಹ್ನ. ಧಾರವಾಡದ ನಮ್ಮ ಓಣಿಯ ಮಠದ ಅಂಗಳದಲ್ಲಿ ಬೇವು ಬೆಳ್ಳಗೆ ಅರಳಿತ್ತು. ಬೇವು-ಬೆಲ್ಲಕ್ಕೆ ಬೇಕಾದ ಹೂವು ನೆಲಕ್ಕೆ ಬೀಳಬಾರದೆಂದು ಅಜ್ಜಿ, ಪೂಜಾರಿ ಕಾಕಾ ಮತ್ತು ನಾನು ಕಲ್ಲುಹಾಸಿನ ಮೇಲೆ ಹೊದೆಯುವ ಕೌದಿಯನ್ನು ಬಿಡಿಸಿ ಹಿಡಿದು ನಿಂತಿದ್ದೆವು. ಅಕ್ಕ ಮರದ ಮೇಲೆ ಕುಳಿತು ಟೊಂಗೆ ಅಲುಗಿಸುತ್ತಿದ್ದಳು.

"ಸಾಕ, ಲಗೂನ ಇಳೀ" ಎಂದಳು ಅಜ್ಜಿ.

"ಇನ್ನೊಂದ ಟೊಂಗಿ, ಅಜ್ಜಿ!"

ಕುಳಿತಿದ್ದ ಟೊಂಗೆಯೇ ಲಟಕ್ಕೆಂದು ಮುರಿಯಿತು. ಅಕ್ಕ ನೇರ ಕೌದಿಯೊಳಗೆ ಬಿದ್ದಳು. ಹಳೇ ಸೀರೆಗಳ ಹೊಲಿಗೆ ಪರ್ರೆಂದಿತು, ಹರಿಯಲಿಲ್ಲ. ತಲೆತುಂಬ ಹೂವು ಹೊತ್ತು ಅವಳು ಎದ್ದು ಕುಳಿತು ನಕ್ಕಳು.

"ಹೂ ಉದುರಸು ಅಂದ್ರ ನೀನ ಉದುರಿದೇನ ಹುಡುಗಿ?" ಅಜ್ಜಿ ಅವಳ ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು.

ಆಮೇಲೆ ಕೌದಿಯ ಅಂಚನ್ನು ಇನ್ನೂ ಬಿಗಿಹಿಡಿದಿದ್ದ ನನ್ನ ಬೆರಳುಗಳನ್ನು ಅಜ್ಜಿ ಒಂದೊಂದಾಗಿ ಬಿಡಿಸಿದಳು. "ಬಿಡವಾ ಇನ್ನ, ಆಕಿ ಕೆಳಗ ಬಂದಾಳ."