ಚಪ್ಪಲಿ ಕಾಲಲ್ಲೇ

ಹೊಸ ನ್ಯಾಯಮೂರ್ತಿ ಬಂದಾಗಲೆಲ್ಲ ಗರ್ಭಪಾತದ ಕಾನೂನು ಬದಲಾಗುತ್ತಿದ್ದ ಕಾಲವದು. ಪ್ರಮಾಣವಚನ ಮುಗಿಯುವುದರೊಳಗೆ ಆಸ್ಪತ್ರೆಯ ಹೊಸ್ತಿಲು ದಾಟಿದವರಿಗೆ ಮಾತ್ರ ಹಳೆಯ ಕಾನೂನು. ಈ ಸಲ ಬರುವವರು ಗರ್ಭಪಾತವೇ ಬೇಡವೆನ್ನುವವರು.

ಬಸಿರು ಜೀವಕ್ಕೇ ಕುತ್ತಾಗಿದ್ದ ಸೊಸೆ ರೇಣವ್ವನನ್ನು ಕರೆದುಕೊಂಡು ನೀಲವ್ವ ಆಸ್ಪತ್ರೆಯ ಬಾಗಿಲಿಗೆ ಬಂದಾಗ, ಒಳಗೆ ರೇಡಿಯೋದಲ್ಲಿ ಪ್ರಮಾಣವಚನ ಶುರುವಾಗಿತ್ತು. ರೇಣವ್ವ ರೂಢಿಯಂತೆ ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದಳು. ಮನೆಯೊಳಗೆ ಯಾರಾದರೂ ಚಪ್ಪಲಿ ಮೆಟ್ಟಿದರೆ ರಂಪ ಮಾಡುತ್ತಿದ್ದ ನೀಲವ್ವ ಅವಳ ರಟ್ಟೆ ಹಿಡಿದಳು.

“ಬಿಚ್ಚಬ್ಯಾಡ ನನ್ನವ್ವಾ, ಹಂಗ ನಡಿ!”

ರೇಣವ್ವ ಒಳಗೆ ಕಾಲಿಟ್ಟಳು. ಹಿಂದೆಯೇ ರೇಡಿಯೋದಲ್ಲಿ ಚಪ್ಪಾಳೆ ಕೇಳಿಸಿತು.

ಹೊಸ್ತಿಲ ಮೇಲಿನ ಕೆಸರುಹೆಜ್ಜೆ ಒರೆಸಲು ಆಯಾ ಬಟ್ಟೆ ತಂದಳು.

“ಒರಸಬ್ಯಾಡ ತಂಗಿ,” ಎಂದಳು ನೀಲವ್ವ ಕಣ್ಣೊರೆಸಿಕೊಂಡು. “ನಮ್ಮ ಹುಡುಗಿ ದಾಟಿದ್ದಕ್ಕ ಅದ ಸಾಕ್ಷಿ.”