ಬಟ್ಟೆ ಕಟ್ಟಿದ ಬಿದಿರು

ಹಿತ್ತಿಲ ಬಿದಿರು ಮೆಳೆಯ ಎಳೆ ಗಳಗಳಿಗೆಲ್ಲ ಯಾರೋ ಕೆಂಪು ಬಟ್ಟೆಯ ಚೂರು ಕಟ್ಟಿದ್ದರು. ಯಾರೋ ಏನು, ಓರಗಿತ್ತಿಯೇ. ಆ ಕೆಂಪು ಅವಳ ಮನೆಯ ಹಳೆಯ ಪರದೆಯದು ಎಂದು ಹಿರಿಯ ಸೊಸೆಗೆ ದೂರದಿಂದಲೇ ಗೊತ್ತಾಯಿತು. ಮೈಯೆಲ್ಲ ಉರಿದುಹೋಯಿತು. ಗುರುತು ಹಾಕಿ ಎಲ್ಲವನ್ನೂ ತನ್ನದು ಮಾಡಿಕೊಳ್ಳುವ ಹುನ್ನಾರ ಇದು ಎಂದುಕೊಂಡಳು. ಒಳಗಿನಿಂದ ಕತ್ತಿ ತಂದವಳೇ ಬಟ್ಟೆ ಕಟ್ಟಿದ್ದ ಮೂರು ಗಳಗಳನ್ನು ಬುಡಕ್ಕೇ ಕಡಿದು, ದರದರ ಎಳೆದು ತನ್ನ ಅಂಗಳದಲ್ಲಿ ಹಾಕಿಕೊಂಡಳು.

ಅಣ್ಣತಮ್ಮಂದಿರು ಬೇರೆಯಾಗಿ ವರ್ಷವಾಗಿತ್ತು. ಯಾರು ಏನಂದರು, ಯಾರು ಮೊದಲು ಮುಖ ತಿರುಗಿಸಿದರು ಎನ್ನುವುದು ಈಗ ಎರಡು ಮನೆಯಲ್ಲೂ ಯಾರಿಗೂ ಸರಿಯಾಗಿ ನೆನಪಿಲ್ಲ. ಒಲೆ ಎರಡಾಯಿತು, ಅಂಗಳದ ನಡುವೆ ಗೋಡೆ ಎದ್ದಿತು. ಮೆಳೆಯೊಂದನ್ನು ಮಾತ್ರ ಹಂಚಲಾಗಲಿಲ್ಲ. ಮಣ್ಣಿನೊಳಗೆ ಬೇರು ಯಾರ ಕಡೆಗೆ ಹೋಗಿದೆ ಎಂದು ಹೇಳುವವರು ಯಾರು? ಎರಡು ಮನೆಯೂ ಬದುಕುತ್ತಿದ್ದದ್ದು ಬುಟ್ಟಿ ಹೆಣೆದೇ. ಅಷ್ಟರಲ್ಲಿ ಮುಖ್ಯಬೀದಿಯ ಬೇಕರಿಯವನು ಪ್ಲಾಸ್ಟಿಕ್ ಟ್ರೇ ಬಿಟ್ಟು ಬಿದಿರಿನ ಬುಟ್ಟಿಯಲ್ಲೇ ಬ್ರೆಡ್ಡು ಜೋಡಿಸುತ್ತೇನೆಂದು ಹೊರಟ. ಹಿರಿಯವಳು ಹೋಗಿ ವಾರಕ್ಕೆ ಇಷ್ಟು ಬುಟ್ಟಿ ಕೊಡುತ್ತೇನೆ ಎಂದರೆ, ಕಿರಿಯವಳು ಹೋಗಿ ಅದಕ್ಕಿಂತ ಹೆಚ್ಚು ಒಪ್ಪಿಕೊಂಡು ಬಂದಳು. ತಾನು ಕಡಿಯದಿದ್ದರೆ ಅವಳು ಕಡಿದಾಳು ಎಂಬ ಭಯಕ್ಕೆ ಇಬ್ಬರೂ ಕೈಗೆ ಸಿಕ್ಕಿದ್ದನ್ನೆಲ್ಲ ಕಡಿದರು. ಮೂರು ಮಳೆಗಾಲ ಕಾಣದ ಗಳಕ್ಕೆ ಕತ್ತಿ ಮುಟ್ಟಿಸಬಾರದು ಎನ್ನುತ್ತಿದ್ದ ಮಾವನ ಮಾತು ಮಾವನ ಜೊತೆಗೇ ಹೋಯಿತು.

ಹಿರಿಯವಳು ಸಿಟ್ಟಿನಲ್ಲೇ ಒಂದು ಗಳವನ್ನು ಸೀಳಿದಳು. ಒಳಗಿನಿಂದ ನೀರು ಜಿನುಗಿತು. ಸೀಳು ಬಾಡಿದ ಸೊಪ್ಪಿನ ದಂಟಿನ ಹಾಗೆ ಜೋತುಬಿತ್ತು. ಕತ್ತಿಯ ಸದ್ದು ಕೇಳಿ ಕಿರಿಯವಳು ಬಂದಳು. ಜಗಳಕ್ಕೇ ಬಂದಳೆಂದು ಹಿರಿಯವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು. ಕಿರಿಯವಳು ಬಿದ್ದಿದ್ದ ಕೆಂಪು ಚೂರುಗಳನ್ನು ಒಂದೊಂದಾಗಿ ಆರಿಸಿಕೊಂಡು, ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

"ಇವು ನನ್ನವು ಅಂತ ಕಟ್ಟಿದ್ದಲ್ಲ ಅಕ್ಕ," ಎಂದಳು. "ಈ ವರ್ಷ ಹುಟ್ಟಿದವು. ಎಲ್ಲಿ ನಾನೇ ಕಡಿದುಬಿಡ್ತೀನೋ ಅಂತ ಕಟ್ಟಿದೆ. ಕೆಂಪು ಕಂಡ್ರೆ ಕೈ ತಡೆಯುತ್ತೆ ಅಂತ."

"ಹಾಗಂತ ನನಗೊಂದು ಮಾತು ಹೇಳೋಕೇನಾಗಿತ್ತು?"

"ಹೇಳೋಕೆ ಮಾತಾಡ್ಬೇಕಲ್ಲ."

ಹಿರಿಯವಳು ಕತ್ತಿ ಕೆಳಗಿಟ್ಟಳು. ಅವಳೂ ಕೂತಳು. ಉಳಿದದ್ದು ಕಿರಿಯವಳ ಬಾಯಿಂದ ತಡವರಿಸುತ್ತ ಹೊರಗೆ ಬಂತು. ಬೇಕರಿಯವನು ಕಿರಿಯವಳ ಬುಟ್ಟಿಗಳನ್ನು ವಾಪಸ್ ಕಳಿಸಿದ್ದ. ಎಳೆ ಬಿದಿರಿಗೆ ಹುಳು ಹಿಡಿದು ಬ್ರೆಡ್ಡಿನ ಮೇಲೆಲ್ಲ ಹಿಟ್ಟಿನಂಥ ಪುಡಿ ಉದುರುತ್ತಿತ್ತಂತೆ. ಇನ್ನೊಂದು ಸಲ ಹೀಗಾದರೆ ತನಗೆ ಪ್ಲಾಸ್ಟಿಕ್ಕೇ ಸಾಕು ಎಂದಿದ್ದನಂತೆ. ನಾಚಿಕೆಗೆ ಯಾರಿಗೂ ಹೇಳದೆ ಅವಳು ಬುಟ್ಟಿಗಳನ್ನು ಅಟ್ಟದ ಮೇಲೆ ಪೇರಿಸಿಟ್ಟಿದ್ದಳು. ಕೇಳುತ್ತ ಕೇಳುತ್ತ ಹಿರಿಯವಳ ಮುಖ ಬಿಸಿಯಾಯಿತು. ಅವಳ ಮಂಚದ ಕೆಳಗೂ ವಾಪಸ್ ಬಂದ ಅಂಥವೇ ಬುಟ್ಟಿಗಳಿದ್ದವು. ಬಂದವರ ಕಣ್ಣಿಗೆ ಬೀಳದಿರಲೆಂದು ಹೊದಿಕೆಯನ್ನು ನೆಲದವರೆಗೂ ಇಳಿಬಿಟ್ಟಿದ್ದಳು. ಇನ್ನು ಬಚ್ಚಿಡುವುದೇನಿದೆ ಎಂದು ಅದನ್ನೂ ಹೇಳಿಬಿಟ್ಟಳು. ಇಬ್ಬರೂ ಮುಖ ಮುಖ ನೋಡಿಕೊಂಡರು. ನಗು ಮೊದಲು ಬಂತೋ ಅಳು ಮೊದಲು ಬಂತೋ, ಅವರಿಗೇ ತಿಳಿಯಲಿಲ್ಲ.

ಬಲಿತ ಬಿದಿರು ಇರಲಿಲ್ಲ ಎಂದಲ್ಲ. ಮೆಳೆಯ ನಟ್ಟನಡುವೆ ಒತ್ತೊತ್ತಾಗಿ ನಿಂತಿತ್ತು. ಆದರೆ ಅದನ್ನು ತೆಗೆಯಲು ಒಬ್ಬರು ಒಳಗೆ ನುಗ್ಗಿ ಬುಡ ಕಡಿಯಬೇಕು, ಇನ್ನೊಬ್ಬರು ಹೊರಗಿನಿಂದ ಜಗ್ಗಬೇಕು. ಗಂಡಂದಿರು ಬೆಳಗಾದರೆ ಬುಟ್ಟಿ ಹೊತ್ತು ಮಾರಲು ಹೋಗುವವರು. ಹೊಸ ಸೊಸೆಯರಾಗಿ ಬಂದಾಗಿನಿಂದ ಇದು ಈ ಇಬ್ಬರ ಕೆಲಸವೇ ಆಗಿತ್ತು. ಬೇರೆಯಾದ ಮೇಲೆ ಒಬ್ಬೊಬ್ಬರೇ ಹೋದರು, ಅಂಚಿನಲ್ಲಿ ನಿಂತ ಎಳೆಯವಕ್ಕೇ ಕೈ ಹಾಕಿದರು.

ಹಿರಿಯವಳು ಕತ್ತಿ ಹಿಡಿದು ಎದ್ದಳು. "ಬಾ," ಎಂದಳು, ಅಷ್ಟೇ. ಅಡ್ಡಡ್ಡವಾಗಿ ಮೆಳೆಯೊಳಗೆ ನುಸುಳಿದಳು. ತೋಳು ತರಚಿತು, ಕೂದಲು ಕೊಂಬೆಗೆ ಸಿಕ್ಕಿತು. ಬೂದುಬಣ್ಣಕ್ಕೆ ತಿರುಗಿದ್ದ ಗಳವೊಂದನ್ನು ಕತ್ತಿಯ ಬೆನ್ನಿನಿಂದ ತಟ್ಟಿ, ಕಣಕಣ ಎಂದ ಮೇಲೆಯೇ ಕಡಿದಳು. ಹೊರಗೆ ಕಿರಿಯವಳು ಜಗ್ಗಿದಳು. ಬರಲಿಲ್ಲ. ಹಿರಿಯವಳೂ ಹೊರಗೆ ಬಂದು ಇಬ್ಬರೂ ಸೇರಿ ಜಗ್ಗಿದಾಗ ಮೇಲೆ ಹೆಣೆದುಕೊಂಡಿದ್ದ ಕೊಂಬೆಗಳು ಒಮ್ಮೆಲೇ ಬಿಟ್ಟುಕೊಂಡು, ಇಬ್ಬರೂ ಒಣಗಿದ ಎಲೆಗಳ ಮೇಲೆ ದೊಪ್ಪನೆ ಬಿದ್ದರು. ಬಿದ್ದಲ್ಲಿಂದ ಹಿರಿಯವಳಿಗೆ ತಾನು ಬೆಳಿಗ್ಗೆ ಕಡಿದ ಮೂರು ಬುಡಗಳು ಕಂಡವು. ತುದಿಯಲ್ಲಿ ಇನ್ನೂ ಹಸಿ ಆರಿರಲಿಲ್ಲ. ಅವಳು ಅವನ್ನೇ ನೋಡುತ್ತಿದ್ದುದನ್ನು ಕಂಡು ಕಿರಿಯವಳು, "ಬೇರು ಗಟ್ಟಿಯಾಗಿದೆ ಅಕ್ಕ, ಮುಂದಿನ ಮಳೆಗೆ ಬೇರೆ ಬರುತ್ತೆ," ಎಂದು ಅವಳ ಕೂದಲಿನ ಕಸ ತೆಗೆದಳು.

ಆ ಬಲಿತ ಬಿದಿರಿನಿಂದ ಹೆಣೆದ ಬುಟ್ಟಿಗಳನ್ನು ಕೆಲವು ವಾರ ಮನೆಯಲ್ಲೇ ಇಟ್ಟು ನೋಡಿದರು. ಹುಳು ಮುಟ್ಟಲಿಲ್ಲ. ಆಮೇಲೆ ಒಂದನ್ನು ತೆಗೆದುಕೊಂಡು ಇಬ್ಬರೂ ಒಟ್ಟಿಗೆ ಬೇಕರಿಗೆ ಹೋದರು. ಬೇಕರಿಯವನು ಕೌಂಟರಿನ ಮೇಲೆ ಬಿಳಿ ಕಾಗದ ಹಾಸಿ, ಬುಟ್ಟಿಯನ್ನು ಅದರ ಮೇಲೆ ಮಗುಚಿ, ತಟ್ಟಿ ತಟ್ಟಿ ನೋಡಿದ. ಕಾಗದ ಬಿಳಿಯಾಗಿಯೇ ಉಳಿಯಿತು. ಒಲೆಯಿಂದ ಆಗಷ್ಟೇ ಬಂದ ಬ್ರೆಡ್ಡುಗಳನ್ನು ಅದಕ್ಕೆ ತುಂಬಿ, ಇಬ್ಬರನ್ನೂ ಒಮ್ಮೆ ನೋಡಿ, ವ್ಯಾಪಾರದ ಮಾತಿಗೆ ಬಂದ.

"ಸರಿ, ಈ ಸಲ ನಿಮ್ಮಿಬ್ಬರಲ್ಲಿ ಯಾರು ಜಾಸ್ತಿ ಕೊಡ್ತೀರಿ?"

"ಇಬ್ಬರೂ ಕಮ್ಮಿ ಕೊಡ್ತೀವಿ," ಎಂದಳು ಹಿರಿಯವಳು.